ಫೈರ್‌ಪ್ಲೇಸಿಗೆ ಸೌದೆಯೋ, ಗ್ಯಾಸೋ? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಡಿಕೇರಿ ಹತ್ತಿರ ಹೊಸ ಮನೆ ಕಟ್ಟಿಸುತ್ತಿದ್ದೇವೆ. ಹಾಲ್ 15 ಅಡಿಗೆ 12 ಅಡಿ. ಸೌದೆಗೆ ತೋಟದಲ್ಲಿ ಬರವಿಲ್ಲ. ಆದರೆ ಹೊಗೆ, ಬೂದಿಯ ರಗಳೆ ಬೇಡ, ಗ್ಯಾಸೇ ಹಾಕಿಸೋಣ ಎನ್ನುತ್ತಾನೆ ಮಗ. ಚಿಮಣಿಯೇ ಬೇಡದ ಗ್ಯಾಸ್ ಫೈರ್‌ಪ್ಲೇಸ್ ಕೂಡ ಸಿಗುತ್ತದಂತೆ. ಯಾವುದು ಒಳ್ಳೆಯದು?

ಉತ್ತರ: ಚಿಮಣಿ ಇಲ್ಲದ ಗ್ಯಾಸ್ ಫೈರ್‌ಪ್ಲೇಸ್ ನಿಮ್ಮ ಊರಿಗೆ ಖಂಡಿತ ಬೇಡ. ಒಂದು ಕೆ.ಜಿ. ಎಲ್‌ಪಿಜಿ ಉರಿದರೆ ಸುಮಾರು ಒಂದೂವರೆ ಲೀಟರಿನಷ್ಟು ನೀರು ಆವಿಯಾಗಿ ಹೊರಬರುತ್ತದೆ. ಹೋಗಲು ದಾರಿ ಇಲ್ಲದಿದ್ದರೆ ಅದು ಗೋಡೆ, ಬಟ್ಟೆ, ಪುಸ್ತಕಗಳ ಮೇಲೆಯೇ ಕೂರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀರುವಿನೊಳಗಿನ ಚಪ್ಪಲಿಗೂ ಬೂಷ್ಟು ಹಿಡಿಯುವ ಊರಿನಲ್ಲಿ ನೀವು ಓಡಿಸಬೇಕಾದದ್ದು ಚಳಿಯಷ್ಟೇ ಅಲ್ಲ, ತೇವವನ್ನೂ. ಜೊತೆಗೆ ಮುಚ್ಚಿದ ಕೋಣೆಯಲ್ಲಿ ಆಮ್ಲಜನಕ ಕಡಿಮೆಯಾಗಿ ಕಾರ್ಬನ್ ಮಾನಾಕ್ಸೈಡ್ ಹುಟ್ಟುವ ಅಪಾಯವಿದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಬಾಗಿಲು ಹಾಕಿ ಕೆಂಡದ ಅಗ್ಗಿಷ್ಟಿಕೆ ಇಟ್ಟುಕೊಂಡು ಮಲಗಿದವರು ಸಾಯುವುದೂ ಇದರಿಂದಲೇ.

ಆದ್ದರಿಂದ ಯಾವ ಇಂಧನ ಎನ್ನುವುದಕ್ಕಿಂತ ಮೊದಲು, ಉರಿದ ಗಾಳಿ ಎಲ್ಲಿಂದ ಹೊರಗೆ ಹೋಗಬೇಕು ಎಂಬುದನ್ನು ತೀರ್ಮಾನಿಸಿ. ಖರ್ಚೂ ಅದನ್ನೇ ಅವಲಂಬಿಸಿದೆ. ನಿಮ್ಮ ಹಾಲಿಗೆ ಸುಮಾರು 3 ಕಿಲೋವ್ಯಾಟ್ ಶಾಖ ಸಾಕು. ಬಂಗ್ಲೆಗಳಲ್ಲಿರುವಂಥ ತೆರೆದ ಫೈರ್‌ಪ್ಲೇಸಿನಲ್ಲಿ ಶಾಖದ ನೂರಕ್ಕೆ 10ರಿಂದ 15 ಪಾಲು ಮಾತ್ರ ಕೋಣೆಗೆ ಸಿಗುತ್ತದೆ, ಉಳಿದದ್ದು ಆಕಾಶಕ್ಕೆ. ಹಾಗಾಗಿ ಸಂಜೆ ನಾಲ್ಕು ಗಂಟೆ ಹೊತ್ತು ಉರಿಸಲು 25 ಕೆ.ಜಿ. ಒಣ ಸೌದೆ ಬೇಕಾಗುತ್ತದೆ. ಗಾಜಿನ ಬಾಗಿಲಿರುವ ಮುಚ್ಚಿದ ಕಬ್ಬಿಣದ ಒಲೆ ಹಾಕಿದರೆ ನೂರಕ್ಕೆ 70ರಷ್ಟು ಶಾಖ ಒಳಗೇ ಉಳಿಯುತ್ತದೆ. ಅಷ್ಟೇ ಹೊತ್ತಿಗೆ ನಾಲ್ಕೈದು ಕೆ.ಜಿ. ಸೌದೆ ಸಾಕು. ಹೊರಗಿನ ಗಾಳಿ ಎಳೆದುಕೊಂಡು ಹೊರಗೇ ಬಿಡುವ ಒಳ್ಳೆಯ ಗ್ಯಾಸ್ ಫೈರ್‌ಪ್ಲೇಸಿಗೆ ನಾಲ್ಕು ಗಂಟೆಗೆ ಒಂದೂಕಾಲು ಕೆ.ಜಿ. ಗ್ಯಾಸ್ ಬೇಕು. ದಿನಾ ಉರಿಸಿದರೆ 19 ಕೆ.ಜಿ. ಸಿಲಿಂಡರ್ ಹದಿನೈದು ದಿನ ಬಂದೀತು. ಮನೆಬಳಕೆಯ 14.2 ಕೆ.ಜಿ. ಸಿಲಿಂಡರ್ ಕೊಟ್ಟಿರುವುದು ಅಡುಗೆಗೆ. ಕೋಣೆ ಬಿಸಿಮಾಡಲು ಯಾವ ಸಂಪರ್ಕ ಬೇಕೆಂದು ಏಜೆನ್ಸಿಯಲ್ಲಿ ಮೊದಲೇ ವಿಚಾರಿಸಿ.

ತೋಟದ ಸೌದೆ ಇರುವ ನಿಮಗೆ ನಮ್ಮ ಸಲಹೆ ಮುಚ್ಚಿದ ಒಲೆ, 6 ಇಂಚಿನ ಸ್ಟೇನ್‌ಲೆಸ್ ಸ್ಟೀಲ್ ಕೊಳವೆ. ಹೆಂಚಿನ ಮನೆಯಾದರೆ ಒಂದು ಎಚ್ಚರ: ಒಂದೇ ಪದರದ ಕೊಳವೆ ಮರದ ತೊಲೆ, ರೀಪಿಗೆ 18 ಇಂಚಿಗಿಂತ ಹತ್ತಿರ ಬರಬಾರದು. ಚಾವಣಿ ದಾಟುವ ಕಡೆ ಎರಡು ಪದರದ, ನಡುವೆ ಶಾಖ ತಡೆಯುವ ರಾಕ್‌ವೂಲ್ (ಕಲ್ಲಿನ ಎಳೆಯ ಉಣ್ಣೆ) ತುಂಬಿದ ಕೊಳವೆಯನ್ನೇ ಹಾಕಿಸಿ. ಕೊಳವೆಯ ತುದಿ ಚಾವಣಿ ದಾಟಿದ ಜಾಗದಿಂದ ಕನಿಷ್ಠ 3 ಅಡಿ ಮೇಲಿರಬೇಕು, ಸುತ್ತ 10 ಅಡಿಯೊಳಗಿರುವ ಯಾವುದಕ್ಕಿಂತಲೂ 2 ಅಡಿ ಎತ್ತರವಿರಬೇಕು. ಹಳೆ ಬಂಗ್ಲೆಯ ಹಾಗೆ ತೆರೆದ ಬೆಂಕಿಯೇ ಬೇಕೆಂದರೆ ಬಾಯಿ 30 ಇಂಚು ಅಗಲ, 24 ಇಂಚು ಎತ್ತರ ಮೀರದಿರಲಿ. ಚಿಮಣಿ 15 ಅಡಿಗಿಂತ ಎತ್ತರವಿದ್ದರೆ ಒಳಗೆ 9 ಇಂಚು ಚೌಕ, ಗಿಡ್ಡವಿದ್ದರೆ 10 ಇಂಚು ಚೌಕ ಬಿಡಲು ಮೇಸ್ತ್ರಿಗೆ ಹೇಳಿ. ಬಾಯಿಯನ್ನು ಅಂದಕ್ಕೆಂದು ದೊಡ್ಡದು ಮಾಡಿ ಚಿಮಣಿಯನ್ನು ಸಣ್ಣದಾಗಿಯೇ ಉಳಿಸುವುದರಿಂದಲೇ ಎಷ್ಟೋ ಹೊಸ ಮನೆಗಳಲ್ಲಿ ಹಾಲ್ ತುಂಬ ಹೊಗೆ.

ಪ್ರಶ್ನೆ: ಯಾವ ಸೌದೆ ಒಳ್ಳೆಯದು? ಎಷ್ಟು ಒಣಗಿರಬೇಕು? (ಸಕಲೇಶಪುರ)

ಉತ್ತರ: ಕಿತ್ತ ಹಳೆ ಕಾಫಿ ಗಿಡದ ಬೊಡ್ಡೆ ಗಟ್ಟಿ, ಕೆಂಡ ಬಹಳ ಹೊತ್ತು ನಿಲ್ಲುತ್ತದೆ. ಅಕೇಶಿಯಾವೂ ಚೆನ್ನಾಗಿ ಉರಿಯುತ್ತದೆ. ಸಿಲ್ವರ್ ಓಕ್ ಬೇಗ ಹತ್ತಿ ಬೇಗ ಮುಗಿಯುತ್ತದೆ, ಬೆಂಕಿ ಹಚ್ಚುವಾಗ ಅನುಕೂಲ. ಹಾಲುವಾಣ ಹೊರುವ ಶ್ರಮಕ್ಕೂ ಬಾರದು. ಪ್ಲೈವುಡ್, ಬಣ್ಣ ಬಳಿದ ಹಲಗೆ, ಔಷಧಿ ಹಾಕಿದ ಬೇಲಿ ಗೂಟ ಇವನ್ನು ಒಲೆಗೆ ಹಾಕಲೇಬೇಡಿ.

ಆದರೆ ಮರದ ಜಾತಿಗಿಂತ ಒಣಗಿದೆಯೇ ಎಂಬುದು ಮುಖ್ಯ. ಆಗಷ್ಟೇ ಕಡಿದ ಮರದಲ್ಲಿ ಅರ್ಧ ತೂಕ ನೀರೇ ಇರಬಹುದು. ಅದು ನೂರಕ್ಕೆ 20ಕ್ಕಿಂತ ಕೆಳಗಿಳಿಯಬೇಕು. ಜನವರಿಯೊಳಗೆ ಸೀಳಿ, ನೆಲದಿಂದ ಮೇಲೆ, ಬದಿಗೆ ಗಾಳಿಯಾಡುವಂತೆ ಒಟ್ಟಿ. ಮಳೆಗೆ ಮುಂಚೆ ಮೇಲೆ ಮಾತ್ರ ತಗಡು ಹೊದಿಸಿ. ಸುತ್ತ ಪ್ಲಾಸ್ಟಿಕ್ ಸುತ್ತಿದರೆ ಒಳಗೇ ಬೆವರಿ ಅಣಬೆ ಏಳುತ್ತದೆ. ಒಣಗಿದ ತುಂಡಿನ ತುದಿಯಲ್ಲಿ ಬಿರುಕಿರುತ್ತದೆ, ಎರಡನ್ನು ತಟ್ಟಿದರೆ ಠಣ್ ಎನ್ನುತ್ತದೆ. ಹಸಿ ಸೌದೆಯಾದರೆ ಸದ್ದು ಮೊದ್ದು.

ಹಸಿ ಸೌದೆ ಹೊಗೆಯಾಡುತ್ತಾ ಉರಿದರೆ ಚಿಮಣಿಯ ಒಳಗೋಡೆಗೆ ಡಾಂಬರಿನಂಥ ಕ್ರಿಯೋಸೋಟ್ ಅಂಟುತ್ತದೆ. ಮುಂದೊಂದು ದಿನ ಜೋರು ಬೆಂಕಿ ಹಾಕಿದಾಗ ಅದೇ ಹತ್ತಿಕೊಳ್ಳುತ್ತದೆ. ವರ್ಷಕ್ಕೊಮ್ಮೆ ಚಿಮಣಿ ನೋಡಿಸಿ, ಮಸಿ 3 ಮಿ.ಮೀ. ದಪ್ಪವಾಗಿದ್ದರೆ ತಡಮಾಡದೆ ಬ್ರಷ್ ಹಾಕಿಸಿ.

ಪ್ರಶ್ನೆ: ಅಮೆರಿಕದ ನ್ಯೂಜೆರ್ಸಿಯಲ್ಲಿ ಮನೆ ಕೊಂಡಿದ್ದೇವೆ. ಇಟ್ಟಿಗೆಯ ಹಳೆ ಫೈರ್‌ಪ್ಲೇಸ್ ಇದೆ, ಅಡುಗೆಗೆ ನ್ಯಾಚುರಲ್ ಗ್ಯಾಸ್ ಇದೆ. ಗ್ಯಾಸಿಗೆ ಬದಲಾಯಿಸಬಹುದೇ?

ಉತ್ತರ: ಬದಲಾಯಿಸಬಹುದು, ಬದಲಾಯಿಸುವುದು ಒಳ್ಳೆಯದೂ ಹೌದು. ಅಗ್ಗವೆಂದು ಗ್ಯಾಸ್ ಲಾಗ್ ಸೆಟ್ (ಸೌದೆಯಾಕಾರದ ತುಂಡುಗಳ ನಡುವೆ ಗ್ಯಾಸ್ ಉರಿಯುವ ಸಾಧನ) ಮಾತ್ರ ಇಡಿಸಬೇಡಿ. ಅದು ನೋಟಕ್ಕೆ ಸೌದೆ ಬೆಂಕಿಯಂತಿರುತ್ತದೆ, ಆದರೆ ಡ್ಯಾಂಪರ್ (ಚಿಮಣಿಯ ಬುಡದ ಮುಚ್ಚಳ) ಪೂರ್ತಿ ಮುಚ್ಚದಂತೆ ಕ್ಲ್ಯಾಂಪ್ ಹಾಕಬೇಕಾದ್ದರಿಂದ ಬೆಂಕಿ ಇಲ್ಲದಾಗಲೂ ಮನೆಯ ಬಿಸಿಗಾಳಿ ಚಿಮಣಿ ಹತ್ತುತ್ತಿರುತ್ತದೆ. ಡೈರೆಕ್ಟ್ ವೆಂಟ್ ಇನ್ಸರ್ಟ್, ಅಂದರೆ ಹಳೆ ಫೈರ್‌ಪ್ಲೇಸಿನ ಬಾಯೊಳಗೆ ಕೂರಿಸುವ ಮುಚ್ಚಿದ ಗ್ಯಾಸ್ ಒಲೆ, ಕೇಳಿ. ಹಳೆ ಚಿಮಣಿಯೊಳಗೆ ಎರಡು ಕೊಳವೆ ಇಳಿಸುತ್ತಾರೆ, ಸಾಮಾನ್ಯವಾಗಿ 3 ಇಂಚಿನವು: ಒಂದು ಗಾಳಿ ತರಲು, ಇನ್ನೊಂದು ಹೊಗೆ ಒಯ್ಯಲು. ಕರೆಂಟ್ ಹೋದರೂ ಉರಿಯಬೇಕೆಂದರೆ ಸದಾ ಉರಿಯುವ ಸಣ್ಣ ಪೈಲಟ್ ಜ್ವಾಲೆ ಅಥವಾ ಬ್ಯಾಟರಿಯಿಂದ ಹೊತ್ತುವ ಮಾದರಿ ಆರಿಸಿ, ಹಿಮಗಾಳಿಯ ರಾತ್ರಿ ಅದರ ಬೆಲೆ ತಿಳಿಯುತ್ತದೆ. ಕೆಲಸ ಲೈಸೆನ್ಸ್ ಇರುವವರಿಂದಲೇ ಆಗಲಿ, ಪರ್ಮಿಟ್ ಪಡೆಯಿರಿ, ಮನೆ ವಿಮೆಯವರಿಗೂ ತಿಳಿಸಿ.

ಇಲ್ಲಿಂದ ಕೆಲವರು ಆ ದೇಶದ ಇನ್ಸರ್ಟನ್ನೇ ತರಿಸುವ ಯೋಚನೆ ಮಾಡುತ್ತಾರೆ. ನ್ಯಾಚುರಲ್ ಗ್ಯಾಸಿನ ಬರ್ನರಿಗೆ ನಮ್ಮ ಎಲ್‌ಪಿಜಿ ಕೊಟ್ಟರೆ ಜ್ವಾಲೆ ಎತ್ತರಕ್ಕೆದ್ದು ಹಳದಿಯಾಗುತ್ತದೆ, ಗಾಜಿಗೆ ಮಸಿ ಕೂರುತ್ತದೆ. ಎಲ್‌ಪಿಜಿಗೆ ಸಣ್ಣ ತೂತಿನ ಜೆಟ್, ಬೇರೆ ಒತ್ತಡ ಬೇಕು. ಕಂಪನಿಯ ಪರಿವರ್ತನಾ ಕಿಟ್ ಇಲ್ಲದೆ ಕೈಹಾಕಬೇಡಿ.

ಪ್ರಶ್ನೆ: ಸೌದೆ ಒಣಗಿದೆ, ಚಿಮಣಿ ಶುಚಿಯಾಗಿದೆ. ಆದರೂ ಹಚ್ಚಿದ ಕೂಡಲೇ ಹೊಗೆ ಕೋಣೆಗೇ ಬರುತ್ತದೆ. ಏಕೆ? (ಚಿಕ್ಕಮಗಳೂರು)

ಉತ್ತರ: ಮೊದಲು ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಆರಿಸಿ, ಒಂದು ಕಿಟಕಿಯನ್ನು ಬೆರಳಗಲ ತೆರೆಯಿರಿ. ಫ್ಯಾನ್ ಎಳೆಯುವ ಗಾಳಿ ಚಿಮಣಿಯಿಂದಲೇ ಕೆಳಗಿಳಿಯುತ್ತಿರಬಹುದು. ಆಗಲೂ ಹೊಗೆ ಬಂದರೆ ಚಿಮಣಿ ತಣ್ಣಗಿದೆ ಎಂದರ್ಥ. ಹಳೆ ಪೇಪರನ್ನು ಸುರುಳಿ ಮಾಡಿ ಹಚ್ಚಿ, ಡ್ಯಾಂಪರಿನ ಕೆಳಗೆ ಒಂದು ನಿಮಿಷ ಹಿಡಿಯಿರಿ. ಆಮೇಲೆ ಪುರಲೆ, ಕೊನೆಗೆ ದಪ್ಪ ಸೌದೆ. ಬೆಂಕಿ ಚೆನ್ನಾಗಿ ಹತ್ತಿದ ಮೇಲೂ ಹೊಗೆ ಬಂದರೆ ಬಾಯಿ ದೊಡ್ಡದಾಗಿದೆ. ಒಂದು ತಗಡನ್ನು ಬಾಯಿಗೆ ಅಡ್ಡಲಾಗಿ ಮೇಲಿನಿಂದ ಇಂಚಿಂಚೇ ಇಳಿಸುತ್ತಾ ಬನ್ನಿ. ಹೊಗೆ ಎಲ್ಲಿ ನಿಲ್ಲುತ್ತದೋ ಅಷ್ಟು ಅಗಲದ ಲೋಹದ ಪಟ್ಟಿಯನ್ನು ಅಲ್ಲೇ ಕಾಯಂ ಆಗಿ ಕೂರಿಸಿ.