ಪ್ರತಿ: ಕ್ಯಾರೆಟ್ ಪ್ಯೂರಿ ನುಣ್ಣಗಾಗುತ್ತಿಲ್ಲ, ವಾರಕ್ಕಾಗುವಷ್ಟು ಮಾಡಿಡಬಹುದಾ?

ಮಗುವಿಗೆ ಮಾಡೋ ಕ್ಯಾರೆಟ್ ಪ್ಯೂರಿ (ಬೇಯಿಸಿ ರುಬ್ಬಿದ ಮುದ್ದೆ) ಮಿಕ್ಸಿಯಲ್ಲಿ ಎಷ್ಟು ತಿರುವಿದರೂ ತರಿತರಿಯಾಗೇ ಇರುತ್ತೆ ಅಂದಿರಿ. ತಪ್ಪು ಮಿಕ್ಸಿದಲ್ಲ, ಕ್ಯಾರೆಟ್ ಸರಿಯಾಗಿ ಬೆಂದಿಲ್ಲ. ದಪ್ಪ ಕ್ಯಾರೆಟ್ಟಾದರೆ ನಡುವಿನ ಗಟ್ಟಿ ದಿಂಡು ತೆಗೆದುಬಿಡಿ. ತೆಳ್ಳಗೆ ಹೆಚ್ಚಿ ಇಡ್ಲಿ ಪಾತ್ರೆಯಲ್ಲಿ ಹಬೆಗಿಡಿ. ಚಮಚದ ಬೆನ್ನಿಂದ ಒತ್ತಿದ ಕೂಡಲೇ ಕರಗಿದಂತೆ ಹಿಸುಕಿಹೋಗಬೇಕು, ಅಲ್ಲೀವರೆಗೂ ಇಳಿಸಬೇಡಿ. ಆರಿದ ಮೇಲೆ ಚಟ್ನಿ ಜಾರಿಗೆ ಹಾಕಿ. ದೊಡ್ಡ ಜಾರಲ್ಲಿ ಸ್ವಲ್ಪವೇ ಹಾಕಿದರೆ ಬ್ಲೇಡಿಗೆ ಸಿಗದೆ ಗೋಡೆಗೆ ಅಂಟಿಕೊಂಡು ಕೂರುತ್ತೆ. ಕುದಿಸಿ ಆರಿಸಿದ ನೀರು ಒಂದೊಂದೇ ಚಮಚ ಸೇರಿಸಿ. ಅಂದಹಾಗೆ, ಮಗುವಿಗೆ ಏಳು ತಿಂಗಳು ತುಂಬಿದೆಯಲ್ಲ, ಇನ್ನು ತೀರಾ ನುಣ್ಣಗೆ ಬೇಕಾಗಿಯೂ ಇಲ್ಲ. ಮೆತ್ತನೆಯ ಸಣ್ಣ ತರಿ ಅಭ್ಯಾಸವಾಗಲಿ.

ವಾರಪೂರ್ತಿ ಫ್ರಿಡ್ಜಲ್ಲಿ ಬೇಡ. ಕೆಳಗಿನ ಶೆಲ್ಫಲ್ಲಿ ಮುಚ್ಚಿಟ್ಟರೆ ಒಂದೆರಡು ದಿನ ಅಷ್ಟೆ. ಮಿಕ್ಕಿದ್ದನ್ನು ಐಸ್ ಟ್ರೇಯಲ್ಲಿ ಹಾಕಿ ಫ್ರೀಜರಿಗಿಟ್ಟರೆ ಒಂದು ತಿಂಗಳು ಬರುತ್ತೆ. ಬೇಕಾದಷ್ಟೇ ತುಂಡು ತೆಗೆದು ಹಬೆಯಾಡುವಷ್ಟು ಬಿಸಿ ಮಾಡಿ, ಆರಿಸಿ ತಿನ್ನಿಸಿ. ಕರಗಿದ್ದನ್ನು ಮತ್ತೆ ಫ್ರೀಜ್ ಮಾಡಬಾರದು, ಮಗು ತಿಂದ ಬಟ್ಟಲಲ್ಲಿ ಉಳಿದದ್ದನ್ನೂ ಎತ್ತಿಡಬಾರದು. ಪಾಲಕ್, ಬೀಟ್‌ರೂಟ್ ಮಾತ್ರ ಆಗಿಂದಾಗ ಮಾಡಿ. ಅವುಗಳಲ್ಲಿ ನೈಟ್ರೇಟ್ ಅನ್ನೋ ಅಂಶ ಜಾಸ್ತಿ, ಇಟ್ಟಷ್ಟೂ ಅದು ಮಗುವಿಗೆ ಒಳ್ಳೇದಲ್ಲದ ನೈಟ್ರೈಟ್ ಆಗುತ್ತೆ.

ಉಪ್ಪು, ಸಕ್ಕರೆ, ಜೇನುತುಪ್ಪ ವರ್ಷದವರೆಗೂ ಬೇಡವೇ ಬೇಡ, ಅಜ್ಜಿಯಂದಿರು ಏನೇ ಅನ್ನಲಿ. ಅರ್ಧ ಚಮಚ ತುಪ್ಪ ಹಾಕಿ, ಕ್ಯಾರೆಟ್ಟಿನ ಎ ವಿಟಮಿನ್ ಮೈಗೆ ಹತ್ತೋಕೆ ಜಿಡ್ಡು ಬೇಕು. ಬರೀ ತರಕಾರಿಯಿಂದ ಕಬ್ಬಿಣಾಂಶ ಸಾಲದು, ನುಣ್ಣಗೆ ಬೆಂದ ಹೆಸರುಬೇಳೆಯನ್ನೂ ಜೊತೆಗೆ ಕಲಸಿ.