ಡೆರೂಟಾ ತಟ್ಟೆ: ಕುಂಚದ್ದೋ, ಅಚ್ಚಿನದೋ?

ಪ್ರಶ್ನೆ: ಮಗಳನ್ನು ನೋಡಲು ಮಿಲಾನ್‌ಗೆ ಹೋದಾಗ ಹಳೆ ಸಾಮಾನಿನ ಸಂತೆಯಲ್ಲಿ ಗೋಡೆಗೆ ಹಾಕುವ ಪಿಂಗಾಣಿ ತಟ್ಟೆ ಕೊಂಡೆ. ನೀಲಿ-ಹಳದಿ ಬಳ್ಳಿ, ನಡುವೆ ಡ್ರ್ಯಾಗನ್. ಹಿಂದೆ ಇಂಗ್ಲಿಷ್‌ನಲ್ಲಿ ‘ಡೆರೂಟಾ, ಇಟಲಿ’ ಅಂತಿದೆ. ನೂರೈವತ್ತು ವರ್ಷ ಹಳೆಯದಂತೆ. ನಂಬಬಹುದಾ? ಇದರಲ್ಲಿ ಊಟ ಮಾಡಬಹುದಾ?

ಉತ್ತರ: ಈ ಡ್ರ್ಯಾಗನ್ ವಿನ್ಯಾಸಕ್ಕೆ ‘ರಫೆಲ್ಲೆಸ್ಕೊ’ ಅನ್ನುತ್ತಾರೆ. ಇಟಲಿಯ ಉಂಬ್ರಿಯಾ ಪ್ರಾಂತ್ಯದ ಡೆರೂಟಾ ಊರಲ್ಲಿ ಇವತ್ತಿಗೂ ಬರೆಯುತ್ತಾರೆ, ಹಾಗಾಗಿ ಚಿತ್ರ ನೋಡಿ ವಯಸ್ಸು ಹೇಳೋದು ಕಷ್ಟ. ‘ಇಟಲಿ’ ಅಂತ ಇಂಗ್ಲಿಷ್‌ನಲ್ಲಿದ್ದರೆ ಹೊರದೇಶಕ್ಕೆ ಮಾಡಿದ ಮಾಲು. ಆಮದು ಸಾಮಾನಿನ ಮೇಲೆ ದೇಶದ ಹೆಸರು ಇರಲೇಬೇಕು ಅಂತ ಅಮೆರಿಕ ಕಾನೂನು ಮಾಡಿದ್ದು 1890ರಲ್ಲಿ. ಹಾಗಾಗಿ ನೂರೈವತ್ತು ವರ್ಷದ ಮಾತು ನಾನಂತೂ ನಂಬುವುದಿಲ್ಲ.

ಚಿತ್ರ ಕೈಯಲ್ಲಿ ಬರೆದದ್ದೋ, ಅಚ್ಚು ಹಾಕಿದ್ದೋ ತಿಳಿಯಲು ಭೂತಗನ್ನಡಿ ಹಿಡಿದು ನೋಡಿ. ಸಣ್ಣ ಚುಕ್ಕೆಗಳು ಸಾಲಾಗಿ ಕಂಡರೆ ಅದು ಅಚ್ಚು. ನೀಲಿ ಬಣ್ಣ ಒಂದು ಕಡೆ ದಪ್ಪ ನಿಂತು ಇನ್ನೊಂದು ಕಡೆ ತೆಳುವಾಗಿ, ಎಡಗಡೆ ಬಳ್ಳಿಗೂ ಬಲಗಡೆ ಬಳ್ಳಿಗೂ ಒಂಚೂರು ವ್ಯತ್ಯಾಸ ಇದ್ದರೆ ಕುಂಚದ ಕೆಲಸ. ತಳದ ಉಂಗುರವನ್ನೂ ನೋಡಿ. ನಿಜವಾದ ಸವೆತ ಏರುಪೇರಾಗಿರುತ್ತದೆ. ಎಲ್ಲ ಕಡೆ ಒಂದೇ ಸಮ ಕಂದು ಬಣ್ಣ ಇದ್ದರೆ ಹಳೆಯದಾಗಿ ಕಾಣಲಿ ಅಂತ ಟೀ ಡಿಕಾಕ್ಷನ್ನಿನಲ್ಲಿ ಅದ್ದಿರಬಹುದು, ಸುಮ್ನೆ ಹೇಳ್ತಿಲ್ಲ!

ಊಟ ಮಾತ್ರ ಬೇಡ. ಹಳೆಯ ಮೆರುಗಿನಲ್ಲಿ ಸೀಸ ಇರಬಹುದು, ನಮ್ಮ ಹುಳಿ, ಉಪ್ಪಿನಕಾಯಿ ಬಿದ್ದರೆ ಆ ಸೀಸ ಊಟಕ್ಕೆ ಬಿಡುತ್ತದೆ. ಗೋಡೆಗೇ ಹಾಕಿ.