ಮಿನಿಮಮ್ ಕಟ್ಟುತ್ತಲೇ ಇದ್ದರೂ ಕ್ರೆಡಿಟ್ ಕಾರ್ಡ್ ಬಾಕಿ ಯಾಕೆ ಇಳಿಯುತ್ತಿಲ್ಲ? ಬ್ಯಾಂಕಿನವರು ಕಿವಿಗೇ ಹಾಕಿಕೊಳ್ಳದಿದ್ದರೆ ಏನು ಮಾಡಬೇಕು?

ನೀವು ಕೇಳಿರುವುದು ಇಷ್ಟು: ಮಂಡ್ಯದಲ್ಲಿದ್ದೀರಿ, ಕಾರ್ಡಿನ ಬಾಕಿ 86,000 ರೂ., ತಿಂಗಳಿಗೆ 4,300 ರೂ. ಮಿನಿಮಮ್ (ಬಿಲ್ಲಿನಲ್ಲಿ ತೋರಿಸುವ ಕನಿಷ್ಠ ಮೊತ್ತ) ಕಟ್ಟುತ್ತಿದ್ದರೂ ಬಾಕಿ ಇದ್ದಲ್ಲೇ ಇದೆ. ಶಾಖೆಯಲ್ಲಿ ಕೇಳಿದರೆ "ಕಾರ್ಡ್ ನಮಗೆ ಬರಲ್ಲ, ಕಸ್ಟಮರ್ ಕೇರ್‌ಗೆ ಫೋನ್ ಮಾಡಿ" ಅನ್ನುತ್ತಾರೆ. ಒಂದು ಕಂತು ತಡವಾಗಿದ್ದಕ್ಕೆ ವಸೂಲಿಯವರು ಮನೆಗೆ ಬರುತ್ತೇವೆಂದು ಹೆದರಿಸಿದ್ದಾರೆ. ಕಬ್ಬಿನ ದುಡ್ಡು ಕೈಗೆ ಬಂದಾಗ ಪೂರ್ತಿ ತೀರಿಸುವುದೋ, ಕಡಿಮೆ ಮೊತ್ತಕ್ಕೆ ಒಪ್ಪಿಸಿ ಸೆಟಲ್‌ಮೆಂಟ್ ಮಾಡಿಕೊಳ್ಳುವುದೋ?

ಮೊದಲು ಲೆಕ್ಕ ನೋಡೋಣ, ಬ್ಯಾಂಕಿನ ಜೊತೆ ಜಗಳ ಆಮೇಲೆ. ನಿಮ್ಮ ಕಾರ್ಡಿನ ಬಡ್ಡಿ ತಿಂಗಳಿಗೆ ಶೇ. 3.6, ಅಂದರೆ ವರ್ಷಕ್ಕೆ ಶೇ. 43.2 ಎಂದಿಟ್ಟುಕೊಳ್ಳಿ. ಬಹಳಷ್ಟು ಕಾರ್ಡುಗಳ ದರ ಇದರ ಆಸುಪಾಸಿನಲ್ಲೇ ಇದೆ. ನಿಮ್ಮ ದರ ಬಿಲ್ಲಿನಲ್ಲೇ ಇರುತ್ತದೆ, ನೋಡಿಕೊಳ್ಳಿ. 86,000ಕ್ಕೆ ಒಂದು ತಿಂಗಳ ಬಡ್ಡಿ 3,096 ರೂ. ಆ ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ, 557 ರೂ. ಎರಡೂ ಸೇರಿ 3,653. ನೀವು ಕಟ್ಟಿದ 4,300ರಲ್ಲಿ ಅಸಲಿಗೆ ಸೇರಿದ್ದು ಬರೀ 647 ರೂ. ಆ ತಿಂಗಳು ಅದೇ ಕಾರ್ಡಿನಲ್ಲಿ ಸಾವಿರ ರೂಪಾಯಿಯ ಪೆಟ್ರೋಲ್ ಹಾಕಿಸಿದ್ದರೆ ಬಾಕಿ ಇಳಿಯುವ ಬದಲು ಏರಿದೆ. ಒಂದು ಕಂತು ತಡವಾಗಿ 1,100 ರೂ. ಲೇಟ್ ಫೀ, ಅದಕ್ಕೂ 198 ರೂ. ಜಿಎಸ್‌ಟಿ ಬಿದ್ದಿದ್ದರೆ ಎರಡು ತಿಂಗಳು ತೀರಿಸಿದ ಅಸಲು ಅಷ್ಟೂ ಹೋಯಿತು.

ಹಳೇ ಬಾಕಿ ಉಳಿದಿರುವವರೆಗೆ ಹೊಸ ಖರೀದಿಗೆ ಬಡ್ಡಿರಹಿತ ದಿನಗಳೇ ಸಿಗುವುದಿಲ್ಲ, ಉಜ್ಜಿದ ದಿನದಿಂದಲೇ ಬಡ್ಡಿ ಓಡುತ್ತದೆ. ಇದು ಬಹಳ ಜನಕ್ಕೆ ಗೊತ್ತಿಲ್ಲ. ಎಟಿಎಂನಲ್ಲಿ ಕಾರ್ಡ್ ಹಾಕಿ ನಗದು ತೆಗೆದರೆ ಬಾಕಿ ಇರಲಿ ಬಿಡಲಿ ಅದೇ ದಿನದಿಂದ ಬಡ್ಡಿ, ಜೊತೆಗೆ ಶುಲ್ಕ ಬೇರೆ. ಆದ್ದರಿಂದ ಇವತ್ತೇ ಆ್ಯಪ್‌ಗೆ ಹೋಗಿ ಕಾರ್ಡಿನ ಬಳಕೆ ಆಫ್ ಮಾಡಿ. ಕಾರ್ಡಿಗೆ ಕೊಟ್ಟಿರುವ ಆಟೋ-ಪೇ, ಓಟಿಟಿ, ಮೊಬೈಲ್ ರೀಚಾರ್ಜ್ ಎಲ್ಲವನ್ನೂ ಬೇರೆ ಖಾತೆಗೆ ಬದಲಾಯಿಸಿ. ಇದನ್ನು ಮಾಡದೆ ಮುಂದಿನ ಯಾವ ಉಪಾಯವೂ ಫಲ ಕೊಡುವುದಿಲ್ಲ.

ಎರಡನೆಯದು, ಬಾಕಿಯನ್ನು ಇಎಂಐಗೆ ಬದಲಾಯಿಸಿ ಕೊಡಿ ಎಂದು ಬ್ಯಾಂಕನ್ನು ಕೇಳಿ. 86,000ವನ್ನು ಶೇ. 16ರ ದರದಲ್ಲಿ 24 ತಿಂಗಳಿಗೆ ಹಾಕಿದರೆ ಕಂತು ಸುಮಾರು 4,211 ರೂ. ಮೊದಲ ತಿಂಗಳ ಬಡ್ಡಿ 1,147, ಅದರ ಜಿಎಸ್‌ಟಿ ಸುಮಾರು 206. ಹೆಚ್ಚೂಕಡಿಮೆ ಈಗ ಕಟ್ಟುತ್ತಿರುವಷ್ಟೇ ದುಡ್ಡು. ಆದರೆ ಅಸಲಿಗೆ 647ರ ಬದಲು 3,064 ರೂ. ಹೋಗುತ್ತದೆ, ಎರಡು ವರ್ಷಕ್ಕೆ ಸಾಲವೂ ಮುಗಿಯುತ್ತದೆ. ಒಪ್ಪುವ ಮೊದಲು ಪ್ರೊಸೆಸಿಂಗ್ ಫೀ ಎಷ್ಟು, ಮಧ್ಯದಲ್ಲಿ ಪೂರ್ತಿ ತೀರಿಸಿದರೆ ಫೋರ್‌ಕ್ಲೋಷರ್ ಶುಲ್ಕ ಎಷ್ಟು ಎಂದು ಕೇಳಿ. ಕಬ್ಬಿನ ದುಡ್ಡು ಬರುವುದಿದೆ ಅಂದಿರಲ್ಲ, ನಿಮಗೆ ಎರಡನೆಯ ಶುಲ್ಕವೇ ಮುಖ್ಯ. ಇಎಂಐ ಕಂತು ಮುಂದಿನ ಬಿಲ್ಲಿನ ಮಿನಿಮಮ್‌ನಲ್ಲಿ ಸೇರಿಕೊಂಡು ಬರುತ್ತದೆ, ಅದನ್ನು ತಪ್ಪಿಸಿದರೆ ಮತ್ತೆ ಹಳೇ ಬಡ್ಡಿಗೇ ಬೀಳುತ್ತೀರಿ. ಮನೆಯಲ್ಲಿ ಒಡವೆ ಇದ್ದರೆ ಬ್ಯಾಂಕಿನಲ್ಲೋ ಸೊಸೈಟಿಯಲ್ಲೋ ಚಿನ್ನದ ಸಾಲ ತೆಗೆದು ಕಾರ್ಡ್ ತೀರಿಸುವುದು ಇದಕ್ಕಿಂತಲೂ ಅಗ್ಗ. ಆದರೆ ಕೈಸಾಲದವರ ಹತ್ತಿರ ಮಾತ್ರ ಹೋಗಬೇಡಿ.

ಇನ್ನು ಬ್ಯಾಂಕಿನ ತಪ್ಪು ಎಲ್ಲಿರಬಹುದು ಎನ್ನುವುದು. ಕಳೆದ ಒಂದು ವರ್ಷದ ಎಲ್ಲ ಸ್ಟೇಟ್‌ಮೆಂಟ್‌ಗಳನ್ನೂ ಡೌನ್‌ಲೋಡ್ ಮಾಡಿ, ಪೆನ್ನು ಹಿಡಿದು ಸಾಲು ಸಾಲಾಗಿ ಓದಿ. ಹೆಚ್ಚು ಜನ ಬೈಯುವುದು ಈ ಲೆಕ್ಕಕ್ಕೆ: ಜೂನ್ 10ಕ್ಕೆ 40,000 ರೂ. ಖರೀದಿ, ಜುಲೈ 5 ಗಡುವು. ಅವತ್ತು 35,000 ಕಟ್ಟಿದರು, 5,000 ಉಳಿಯಿತು. ಜುಲೈ 15ರ ಬಿಲ್ಲಿನಲ್ಲಿ ಬಡ್ಡಿ 1,243 ರೂ., ಜಿಎಸ್‌ಟಿ ಸೇರಿ 1,466. "ಐದು ಸಾವಿರಕ್ಕೆ ಇಷ್ಟು ಬಡ್ಡಿಯಾ?" ಎಂದು ಸಿಟ್ಟು ಬರುವುದು ಸಹಜ. ಆದರೆ ಗಡುವಿಗೆ ಪೂರ್ತಿ ಕಟ್ಟದಿದ್ದರೆ ಬಡ್ಡಿರಹಿತ ಅವಧಿ ರದ್ದು. ಖರೀದಿಸಿದ ದಿನದಿಂದ ದುಡ್ಡು ಕಟ್ಟಿದ ದಿನದವರೆಗೆ, 25 ದಿನ, 40,000ಕ್ಕೆ ಬಡ್ಡಿ. ಆಮೇಲಿನ 10 ದಿನ 5,000ಕ್ಕೆ. ಕರಾರಿನ ಪ್ರಕಾರ ಇದು ಸರಿ, ಇದರ ಮೇಲೆ ದೂರು ನಿಲ್ಲುವುದಿಲ್ಲ. ಜುಲೈ 5ರ ನಂತರವೂ 40,000ಕ್ಕೇ ಬಡ್ಡಿ ಹಾಕಿದ್ದರೆ ಅದು ತಪ್ಪು. ಬಡ್ಡಿ ಹಾಕಬೇಕಾದದ್ದು ಕಟ್ಟಿದ್ದನ್ನು, ವಾಪಸು ಬಂದದ್ದನ್ನು ಕಳೆದು ಉಳಿದ ಮೊತ್ತಕ್ಕೆ ಮಾತ್ರ.

ಹೀಗೆ ನಿಜವಾಗಿ ಹಿಡಿಯಬಹುದಾದ ತಪ್ಪುಗಳು ಇನ್ನೂ ಇವೆ. ಆರ್‌ಬಿಐನ ಕಾರ್ಡ್ ನಿರ್ದೇಶನದ ಪ್ರಕಾರ ಗಡುವು ದಾಟಿ ಮೂರು ದಿನ ಕಳೆದ ಮೇಲಷ್ಟೇ ಲೇಟ್ ಫೀ ಹಾಕಬಹುದು. ಗಡುವಿನ ಮಾರನೇ ದಿನ ದುಡ್ಡು ಜಮೆಯಾಗಿದ್ದರೂ ಲೇಟ್ ಫೀ ಬಿದ್ದಿದ್ದರೆ ವಾಪಸು ಕೇಳಿ. (ಬಡ್ಡಿಗೆ ಈ ಮೂರು ದಿನದ ರಿಯಾಯಿತಿ ಇಲ್ಲ.) ಕಟ್ಟದೆ ಉಳಿದ ಶುಲ್ಕ, ತೆರಿಗೆಗಳನ್ನು ಅಸಲಿಗೆ ಸೇರಿಸಿ ಅವುಗಳ ಮೇಲೆ ಬಡ್ಡಿ ಹಾಕುವಂತಿಲ್ಲ. ಕೇಳದೆ ಹಚ್ಚಿದ ಇನ್ಶೂರೆನ್ಸ್, "ಕಾರ್ಡ್ ಪ್ರೊಟೆಕ್ಷನ್" ಥರದ ಸಾಲುಗಳನ್ನೂ ಹುಡುಕಿ. ಕೇಳದೆ ಕಾರ್ಡನ್ನೇ ಕಳಿಸಿ ಬಿಲ್ ಮಾಡಿದ್ದರೆ ಆ ಮೊತ್ತ ರದ್ದು ಮಾಡಿ, ಅದರ ಎರಡರಷ್ಟು ದಂಡವನ್ನೂ ಬ್ಯಾಂಕ್ ನಿಮಗೆ ಕೊಡಬೇಕು.

ವಾಟ್ಸ್ಆ್ಯಪ್‌ನಲ್ಲಿ ಓಡಾಡುವ ಒಂದು ಮಾತನ್ನು ನೆಚ್ಚಬೇಡಿ: "ಶೇ. 30ಕ್ಕಿಂತ ಹೆಚ್ಚು ಬಡ್ಡಿ ಕಾನೂನುಬಾಹಿರ." ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹಾಗೆ ಹೇಳಿದ್ದು ನಿಜ. ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಆ ತೀರ್ಪನ್ನು ತಳ್ಳಿಹಾಕಿದೆ. ಕೈಸಾಲ, ಸಣ್ಣ ಸಾಲದ ಕಿರುಕುಳ ತಡೆಯಲು ರಾಜ್ಯ ಸರ್ಕಾರ 2025ರಲ್ಲಿ ತಂದ ಕಾನೂನನ್ನೂ ಬ್ಯಾಂಕಿನ ಕಾರ್ಡ್ ಬಾಕಿಗೆ ಆಸರೆ ಮಾಡಿಕೊಳ್ಳಬೇಡಿ. ಅದು ಆರ್‌ಬಿಐ ನೋಂದಣಿ ಇರುವ ಬ್ಯಾಂಕುಗಳನ್ನು ಉದ್ದೇಶಿಸಿದ್ದಲ್ಲ.

ದೂರನ್ನು ಬರವಣಿಗೆಯಲ್ಲೇ ಕೊಡಿ. ಫೋನಿನಲ್ಲಿ ಆಡಿದ ಮಾತಿಗೆ ಬೆಲೆಯಿಲ್ಲ. ಫೋನ್ ಮಾಡಲೇಬೇಕಾದರೆ ಸರ್ವೀಸ್ ರಿಕ್ವೆಸ್ಟ್ ನಂಬರ್ ಬರೆದುಕೊಳ್ಳಿ. ಇಮೇಲ್‌ನಲ್ಲಿ ಕಾರ್ಡಿನ ಕೊನೆಯ ನಾಲ್ಕು ಅಂಕಿ ಸಾಕು, ಪೂರ್ತಿ ಸಂಖ್ಯೆ ಬೇಡ. ಹೀಗೆ ಬರೆಯಿರಿ: "ಕೊನೆಯ ಅಂಕಿ ಇಷ್ಟಿರುವ ನನ್ನ ಕಾರ್ಡಿನ, ಇಂಥ ದಿನಾಂಕದ ಸ್ಟೇಟ್‌ಮೆಂಟ್‌ನಲ್ಲಿ ಇಷ್ಟು ರೂ. ಲೇಟ್ ಫೀ ಮತ್ತು ಇಷ್ಟು ಜಿಎಸ್‌ಟಿ ಹಾಕಿದ್ದೀರಿ. ಗಡುವು ಇಂಥ ದಿನ, ನನ್ನ ಪಾವತಿ ಜಮೆಯಾದದ್ದು ಇಂಥ ದಿನ, ಯುಟಿಆರ್ (ಪಾವತಿಯ ಗುರುತು) ಸಂಖ್ಯೆ ಇದು. ಈ ಮೊತ್ತ ಮತ್ತು ಇದರಿಂದ ಬಂದ ಬಡ್ಡಿಯನ್ನು ವಾಪಸು ಮಾಡಿ, ದಿನವಾರು ಬಡ್ಡಿ ಲೆಕ್ಕ ಕೊಡಿ." ನಿಮ್ಮ ಕಷ್ಟದ ಕಥೆ ಅಲ್ಲಿ ಬೇಡ, ಅಂಕಿ ಮತ್ತು ದಿನಾಂಕ ಸಾಕು. ಒಂದು ದೂರಿಗೆ ಒಂದೇ ವಿಷಯ. ಹತ್ತು ವಿಷಯ ಸೇರಿಸಿದರೆ ಸುಲಭದ್ದಕ್ಕೆ ಮಾತ್ರ ಉತ್ತರ ಬರೆದು ದೂರು ಮುಚ್ಚಿಬಿಡುತ್ತಾರೆ.

ದೂರು ಕೊಡುವ ಇಮೇಲ್, ದೂರುಗಳ ಹೊಣೆ ಹೊತ್ತ ನೋಡಲ್ ಅಧಿಕಾರಿಯ ವಿಳಾಸ ಬ್ಯಾಂಕಿನ ವೆಬ್‌ಸೈಟ್‌ನಲ್ಲಿ ಸಿಗುತ್ತದೆ. ಶಾಖೆಗೇ ಕೊಡುವುದಾದರೆ ಎರಡು ಪ್ರತಿ ತೆಗೆದುಕೊಂಡು ಹೋಗಿ, ಒಂದರ ಮೇಲೆ ಸೀಲು, ಸಹಿ, ದಿನಾಂಕ ಹಾಕಿಸಿಕೊಳ್ಳಿ. "ಕಾರ್ಡ್ ನಮಗೆ ಬರಲ್ಲ" ಅಂದರೆ "ಸಂಬಂಧಪಟ್ಟವರಿಗೆ ಕಳಿಸಿಕೊಡಿ, ಸ್ವೀಕರಿಸಿದ್ದಕ್ಕೆ ಸೀಲು ಹಾಕಿ" ಅನ್ನಿ. ಅದಕ್ಕೂ ಒಪ್ಪದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ.

ದೂರು ಕೊಟ್ಟು 30 ದಿನ ಕಳೆದರೂ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ, ಬ್ಯಾಂಕಿನ ಮೇಲಿನ ದೂರು ಬಗೆಹರಿಸುವ ಆರ್‌ಬಿಐ ಒಂಬುಡ್ಸ್‌ಮನ್‌ಗೆ ಹೋಗಬಹುದು. ಇದಕ್ಕೆ ಬೆಂಗಳೂರಿಗೆ ಓಡಬೇಕಿಲ್ಲ. ಆರ್‌ಬಿಐನ ಸಿಎಂಎಸ್ ಎಂಬ ದೂರು ಪೋರ್ಟಲ್‌ನಲ್ಲಿ ಮನೆಯಿಂದಲೇ ಹಾಕಬಹುದು, ಶುಲ್ಕವಿಲ್ಲ. ವಿಚಾರಿಸಲು 14448ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೂ ಹೇಳುತ್ತಾರೆ. ದೂರು ತಿರಸ್ಕಾರವಾಗುವ ಕಾರಣಗಳಲ್ಲಿ ಮುಖ್ಯವಾದದ್ದು, ಮೊದಲು ಬ್ಯಾಂಕಿಗೆ ಬರೆಯದೆ ನೇರ ಬಂದದ್ದು, ಅಥವಾ 30 ದಿನ ಕಾಯದೆ ಹಾಕಿದ್ದು. ವಕೀಲರ ಮೂಲಕ ಕೊಟ್ಟರೂ ತೆಗೆದುಕೊಳ್ಳುವುದಿಲ್ಲ. ಅದೇ ವಿಷಯ ಗ್ರಾಹಕ ಆಯೋಗದಲ್ಲಿ ನಡೆಯುತ್ತಿದ್ದರೆ ಒಂಬುಡ್ಸ್‌ಮನ್ ಕೈಹಾಕುವುದಿಲ್ಲ. ಹಾಗಾಗಿ ಮೊದಲು ಒಂಬುಡ್ಸ್‌ಮನ್, ಅಲ್ಲಿ ಆಗದಿದ್ದರೆ ಗ್ರಾಹಕ ಆಯೋಗ ಎಂಬ ಕ್ರಮವೇ ಒಳ್ಳೆಯದು ಎಂದು ನನ್ನ ಖಚಿತ ಅಭಿಪ್ರಾಯ. 2019ರ ಗ್ರಾಹಕ ಕಾಯ್ದೆಯ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ ದಾವೆ ಹಾಕಬಹುದು. ಬ್ಯಾಂಕಿನ ಮುಖ್ಯ ಕಚೇರಿ ಮುಂಬೈಯಲ್ಲಿದ್ದರೂ ನಿಮಗೆ ಮಂಡ್ಯದ ಆಯೋಗವೇ ಸಾಕು. ವಿವಾದ ಹುಟ್ಟಿದ ಎರಡು ವರ್ಷದೊಳಗೆ ಹಾಕಬೇಕು. ವಕೀಲರು ಕಡ್ಡಾಯವಲ್ಲ.

ವಸೂಲಿಯವರ ವಿಷಯ. ಆರ್‌ಬಿಐ ನಿಯಮದ ಪ್ರಕಾರ ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ಮೇಲೆ ಅವರು ಫೋನ್ ಮಾಡುವಂತಿಲ್ಲ. ಬೈಯುವುದು, ಬೀದಿಯಲ್ಲಿ ಮಾನ ತೆಗೆಯುವುದು, ಅಣ್ಣ-ತಮ್ಮ, ಸ್ನೇಹಿತರು, ಕೆಲಸದ ಕಡೆಯವರಿಗೆ ಫೋನ್ ಮಾಡಿ ಪೀಡಿಸುವುದು ಯಾವುದೂ ಸಲ್ಲದು. ಮನೆಗೆ ಬಂದರೆ ಗುರುತಿನ ಚೀಟಿ ಮತ್ತು ಬ್ಯಾಂಕ್ ಕೊಟ್ಟ ಅಧಿಕಾರ ಪತ್ರ ಕೇಳಿ, ಎರಡರ ಫೋಟೋ ತೆಗೆದುಕೊಳ್ಳಿ. ಏಜೆಂಟ್ ಮಾಡಿದ್ದಕ್ಕೆ ಬ್ಯಾಂಕೇ ಹೊಣೆ. ಆದ್ದರಿಂದ ಫೋನ್ ನಂಬರ್, ದಿನ, ಗಂಟೆ, ಆಡಿದ ಮಾತು ಬರೆದು ಬ್ಯಾಂಕಿಗೇ ದೂರು ಕೊಡಿ. ನಿಮ್ಮ ದೂರು ಇತ್ಯರ್ಥವಾಗುವವರೆಗೆ ಕೇಸನ್ನು ಏಜೆನ್ಸಿಗೆ ಕೊಡಬಾರದು ಎಂಬ ನಿಯಮವೂ ಇದೆ, ಅದನ್ನು ಪತ್ರದಲ್ಲಿ ನೆನಪಿಸಿ. ಹೊಡೆಯುವ, ಎತ್ತಿಕೊಂಡು ಹೋಗುವ ಮಾತು ಬಂದರೆ ಹಿಂದೆಮುಂದೆ ನೋಡದೆ 112.

"ನಾಳೆ ಅರೆಸ್ಟ್" ಎಂದು ಬರುವ ಪಿಡಿಎಫ್‌ಗಳಿಗೆ ಹೆದರಬೇಡಿ. ದುಡ್ಡಿಲ್ಲದೆ ಕಾರ್ಡ್ ಬಾಕಿ ಉಳಿಸಿಕೊಳ್ಳುವುದು ಸಿವಿಲ್ ವಿಷಯ, ಅಪರಾಧವಲ್ಲ. ಅಪಾಯ ಬೇರೆ ಕಡೆ ಇದೆ. ಏಜೆಂಟ್ ಕೇಳಿದರೆಂದು ಚೆಕ್ ಬರೆದುಕೊಟ್ಟು ಅದು ಬೌನ್ಸ್ ಆದರೆ ಸೆಕ್ಷನ್ 138ರ ಕ್ರಿಮಿನಲ್ ಕೇಸ್ ಆಗಬಹುದು. ಖಾತೆಯಿಂದ ಕಂತು ಮುರಿದುಕೊಳ್ಳಲು ಕೊಟ್ಟ ಇ-ಮ್ಯಾಂಡೇಟ್ ಬೌನ್ಸ್ ಆದರೂ ಅದೇ ಬಗೆಯ ಕೇಸಿಗೆ ದಾರಿಯಿದೆ. ದುಡ್ಡು ಖಚಿತವಿಲ್ಲದ ತಾರೀಖಿಗೆ ಎರಡನ್ನೂ ಕೊಡಬೇಡಿ. ಲೋಕ ಅದಾಲತ್ ನೋಟಿಸ್ ನಿಜವಾಗಿ ಬಂದಿದ್ದರೆ ಹೋಗಿ. ಅಲ್ಲಿ ನೀವು ಒಪ್ಪದೆ ಏನೂ ಆಗುವುದಿಲ್ಲ, ಆದರೆ ಒಪ್ಪಿ ಸಹಿ ಹಾಕಿದರೆ ಅದು ಕೋರ್ಟಿನ ಡಿಕ್ರಿಗೆ ಸಮ, ಮೇಲ್ಮನವಿ ಇಲ್ಲ. ಕೋರ್ಟಿನಿಂದ ಬಂದ ಸಮನ್ಸನ್ನಂತೂ ಕಡೆಗಣಿಸಲೇಬೇಡಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟಿದ್ದರೂ ಉಚಿತ ವಕೀಲರು ಸಿಗುತ್ತಾರೆ, ಸಹಾಯವಾಣಿ 15100.

ನಿಮ್ಮ ಉಳಿತಾಯ ಖಾತೆಯೂ ಅದೇ ಬ್ಯಾಂಕಿನಲ್ಲಿದ್ದು, ಕಬ್ಬಿನ ಬಿಲ್ ಅದೇ ಖಾತೆಗೆ ಬರುವುದಿದ್ದರೆ ಈಗಲೇ ಎಚ್ಚರ ವಹಿಸಿ. ಬಾಕಿ ಹಲವು ತಿಂಗಳು ನಿಂತರೆ ಬ್ಯಾಂಕ್ ಆ ಖಾತೆಯ ಹಣಕ್ಕೆ ಲಿಯನ್ (ತಡೆ) ಹಾಕಬಹುದು. ಬಿತ್ತನೆಗೆ, ಗೊಬ್ಬರಕ್ಕೆ ಎಂದಿಟ್ಟ ದುಡ್ಡು ಸಿಕ್ಕಿಬೀಳುತ್ತದೆ. ಮುಂದಿನ ಬಿಲ್ ಬೇರೆ ಬ್ಯಾಂಕಿನ ಖಾತೆಗೆ ಜಮೆಯಾಗುವಂತೆ ಕಾರ್ಖಾನೆಯಲ್ಲಿ ಪಾಸ್‌ಬುಕ್ ಪ್ರತಿ ಕೊಟ್ಟು ಬದಲಾಯಿಸಿಕೊಳ್ಳಿ.

ಈಗ ಸೆಟಲ್‌ಮೆಂಟ್. 86,000ಕ್ಕೆ 50,000 ಕೊಟ್ಟರೆ ಸಾಕು ಎಂದಾಗ ಉಳಿತಾಯ ಎಂದೇ ಕಾಣುತ್ತದೆ. ಆದರೆ ಸಿಬಿಲ್‌ನಲ್ಲಿ, ಅಂದರೆ ನಿಮ್ಮ ಸಾಲಗಳ ದಾಖಲೆಯಲ್ಲಿ, "ಕ್ಲೋಸ್ಡ್" ಎಂದಾಗುವ ಬದಲು "ಸೆಟಲ್ಡ್" ಎಂದು ವರ್ಷಗಟ್ಟಲೆ ಉಳಿಯುತ್ತದೆ. ನಾಳೆ ಟ್ರ್ಯಾಕ್ಟರ್ ಸಾಲಕ್ಕೋ ಮನೆ ಸಾಲಕ್ಕೋ ಹೋದಾಗ ಮ್ಯಾನೇಜರ್ ಮೊದಲು ನೋಡುವುದು ಅದನ್ನೇ. ನೀವು ಇನ್ನೂ ಕಟ್ಟುತ್ತಿರುವವರು, ದುಡ್ಡು ಬರುವುದೂ ಇದೆ. ನಿಮಗೆ ಸೆಟಲ್‌ಮೆಂಟ್ ಬೇಡವೇ ಬೇಡ ಎನ್ನುತ್ತೇನೆ. ಕೈಯಲ್ಲಿ ಏನೂ ಇಲ್ಲದ, ಆದಾಯವೇ ನಿಂತುಹೋದವರಿಗೆ ಅದು ಕೊನೆಯ ದಾರಿ. ಮಾಡಿಕೊಳ್ಳುವವರು ಬ್ಯಾಂಕಿನ ಅಧಿಕೃತ ಇಮೇಲ್‌ನಿಂದ ಪತ್ರ ಬರುವವರೆಗೆ ಒಂದು ರೂಪಾಯಿಯೂ ಕೊಡಬಾರದು. ಪತ್ರದಲ್ಲಿ ಮೊತ್ತ, ಗಡುವು, "ಪೂರ್ಣ ಮತ್ತು ಅಂತಿಮ" ಎಂಬ ಮಾತು ಇರಲೇಬೇಕು. ದುಡ್ಡು ಕಾರ್ಡ್ ಖಾತೆಗೇ ಹೋಗಬೇಕು, ಏಜೆಂಟನ ಯುಪಿಐಗೆ ಅಲ್ಲ.

ಪೂರ್ತಿ ತೀರಿಸುವಾಗ ಬಿಲ್ಲಿನಲ್ಲಿರುವ ಮೊತ್ತ ಕಟ್ಟಿ ಸುಮ್ಮನಾಗಬೇಡಿ. ಬಿಲ್ ತಯಾರಾದ ದಿನದಿಂದ ನೀವು ಕಟ್ಟಿದ ದಿನದವರೆಗಿನ ಬಡ್ಡಿ ಮುಂದಿನ ಬಿಲ್ಲಿನಲ್ಲಿ ಬರುತ್ತದೆ. ಅದನ್ನು ನೋಡದೆ ಬಿಟ್ಟರೆ ಆ ಉಳಿಕೆಗೆ ಲೇಟ್ ಫೀ ಸೇರಿ ಬೆಳೆಯುತ್ತಾ ಹೋಗುತ್ತದೆ. ಅವತ್ತಿನ ಕ್ಲೋಷರ್ ಮೊತ್ತ ಎಷ್ಟೆಂದು ಕೇಳಿ ಕಟ್ಟಿ, ಮುಂದಿನ ಸ್ಟೇಟ್‌ಮೆಂಟ್ ಸೊನ್ನೆ ಬಂದ ಮೇಲೆ ಆ್ಯಪ್ ಅಥವಾ ಇಮೇಲ್‌ನಲ್ಲಿ ಕಾರ್ಡ್ ಮುಚ್ಚಲು ಬರೆಯಿರಿ. ಬಾಕಿ ಇಲ್ಲದಿದ್ದರೆ ಏಳು ಕೆಲಸದ ದಿನಗಳಲ್ಲಿ ಮುಚ್ಚಬೇಕು, ಮೀರಿದರೆ ದಿನಕ್ಕೆ 500 ರೂ. ದಂಡ ನಿಮಗೆ ಸೇರಬೇಕು. ಬಾಕಿ ಇಲ್ಲ ಎಂಬ ನೋ-ಡ್ಯೂಸ್ ಪತ್ರ ತೆಗೆದಿಟ್ಟುಕೊಳ್ಳಿ. ಎರಡು ತಿಂಗಳು ಬಿಟ್ಟು ಸಿಬಿಲ್ ವರದಿ ನೋಡಿ, ವರ್ಷಕ್ಕೊಮ್ಮೆ ಅದು ಉಚಿತ. ಅಲ್ಲಿ ಇನ್ನೂ ಬಾಕಿ ತೋರಿಸುತ್ತಿದ್ದರೆ ತಿದ್ದಲು ದೂರು ಹಾಕಿ. 30 ದಿನದೊಳಗೆ ಬಗೆಹರಿಸದಿದ್ದರೆ ದಿನಕ್ಕೆ 100 ರೂ. ಪರಿಹಾರ ಕೇಳುವ ಹಕ್ಕು ನಿಮಗಿದೆ.